ಸಹಾಯಾರ್ಥ ಹರಾಜಿಗೆ ಒಂದು ಪೇಂಟಿಂಗ್ ಕೊಡಿ ಮೇಡಂ ಅಂತಾರೆ, ನೀವೆಲ್ಲ ಏನ್ ಹೇಳ್ತೀರಿ?

ರೇಕು_ಮೈಸೂರು:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಕೋಪದಲ್ಲಿ ಟೈಪ್ ಮಾಡ್ತಿದೀನಿ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ನಾನು ಮೈಸೂರು ಶೈಲಿ ಚಿತ್ರ ಬರೆಯೋಳು, ಹದಿನೇಳು ವರ್ಷದಿಂದ ಇದೇ ಹೊಟ್ಟೆಪಾಡು. ಜನವರಿಲಿ ಬೆಂಗಳೂರಿನ ಚಿತ್ರಸಂತೆಗೆ ಹೋಗಿ ಕುಮಾರಕೃಪಾ ರಸ್ತೇಲಿ ಬೆಳಗಿಂದ ಸಂಜೆವರೆಗೂ ಬಿಸಿಲಲ್ಲಿ ಕೂತು ಬಂದ್ಮೇಲೆ ಒಂದು ತಿಂಗಳು ಫೋನ್ ಬರ್ತಾನೇ ಇರುತ್ತೆ, ಆದ್ರೆ ಕಾರ್ಡ್ ಇಸ್ಕೊಂಡು ಹೋದೋರಲ್ಲಿ ಅರ್ಧ ಜನ ಕೊಳ್ಳೋರಲ್ಲ, 'ನಮ್ಮದೊಂದು ಟ್ರಸ್ಟ್ ಇದೆ ಮೇಡಂ' ಅನ್ನೋರು. ಈ ವರ್ಷ ಇಲ್ಲಿವರೆಗೆ ಐದಾಯ್ತು.

ಹೋದ ವರ್ಷ ಒಬ್ರಿಗೆ ಕೊಟ್ಟೆ. ಗಜಲಕ್ಷ್ಮಿ, 12ಕ್ಕೆ 16 ಇಂಚು. ಗೊತ್ತಿಲ್ದೋರಿಗೆ ಹೇಳ್ತೀನಿ, ಮೊದ್ಲು ಸ್ಕೆಚ್, ಆಮೇಲೆ ಬಣ್ಣ, ಆಮೇಲೆ ಒಡವೆ, ಕಿರೀಟ, ಸೀರೆ ಅಂಚು, ಮಂಟಪದ ಕಂಬ ಎಲ್ಲದಕ್ಕೂ ಗೆಸ್ಸೋ ಅನ್ನೋ ಗಟ್ಟಿ ಲೇಪ ಎಳೀಬೇಕು, ಒಂದೊಂದು ಮಣಿನೂ ಚುಕ್ಕಿ ಇಟ್ಟು ಇಟ್ಟು ಉಬ್ಬು ಬರಿಸ್ಬೇಕು, ಕೈ ನಡುಗಿದ್ರೆ ಕೆರೆದು ಮತ್ತೆ. ಅದು ಒಣಗಿದ್ಮೇಲೆ ಚಿನ್ನದ ರೇಕು ಹಚ್ಚೋದು, ಆವಾಗ ಫ್ಯಾನ್ ಹಾಕೋ ಹಾಗಿಲ್ಲ, ಉಸಿರು ಜೋರಾಗಿ ಬಿಟ್ರೂ ರೇಕು ಹಾರಿ ಹೋಗುತ್ತೆ, ಏಪ್ರಿಲ್ ತಿಂಗಳಲ್ಲಿ ಕಿಟಕಿ ಮುಚ್ಕೊಂಡು ಬೆವರು ಸುರಿಸ್ಕೊಂಡು ಕೂರೋದು. ಒಟ್ಟು ಇಪ್ಪತ್ನಾಲ್ಕು ದಿನ ಹಿಡೀತು. ನಾನು ಅದನ್ನ 18 ಸಾವಿರಕ್ಕೆ ಮಾರ್ತೀನಿ. ಫ್ರೇಮ್‌ಗೆ 2,800 ಕೈಯಿಂದ ಹಾಕ್ದೆ, ಫ್ರೇಮ್ ಅಂಗಡಿ ಅಣ್ಣಂಗೆ ಇದು ಧರ್ಮಕ್ಕೆ ಕೊಡ್ತಿರೋದು ಕಣಣ್ಣ ಅಂದಿದ್ಕೆ 200 ರೂಪಾಯಿ ಬಿಟ್ಟ, ಪುಣ್ಯಾತ್ಮ.

ಹರಾಜಿನ ದಿನ ಹೋಗಿದ್ದೆ. ಎಸಿ ಹಾಲ್, ಬಫೆ, ಸ್ಟೇಜ್ ತುಂಬ ಹೂವು. ನಿರೂಪಣೆ ಮಾಡ್ತಿದ್ದೋನು ಮೈಕಲ್ಲಿ 'ಈಗೊಂದು ಸುಂದರವಾದ ತಂಜಾವೂರ್ ಪೇಂಟಿಂಗ್' ಅಂದ. ತಂಜಾವೂರ್! ಶುರು ಬೆಲೆ 1,000 ಅಂದ. 4,500ಕ್ಕೆ ಹೋಯ್ತು, ಮೂರೇ ಜನ ಕೂಗಿದ್ದು. ನಂಗೆ ಒಂದು ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಮನೇಲಿ ಟ್ರಂಕ್ ತುಂಬ ಶಾಲಿದೆ ಸ್ವಾಮಿ, ಒಂದೂ ಹೊದಿಯೋಕೆ ಆಗೋಲ್ಲ, ಚುಚ್ಚುತ್ತೆ.

ಅದೂ ಹೋಗ್ಲಿ. ಮೂರು ವಾರ ಆದ್ಮೇಲೆ ನನ್ನ ಹಳೇ ಗಿರಾಕಿ ಒಬ್ರು ಫೋನ್ ಮಾಡಿ 'ಏನಮ್ಮ, ಅಲ್ಲಿ 4,500ಕ್ಕೆ ಹೋಯ್ತಂತೆ, ನಮಗೆ ಮಾತ್ರ 18 ಹೇಳ್ತೀಯ' ಅಂದ್ರು. ನಗ್ತಾನೇ ಅಂದ್ರು, ಆದ್ರೆ ಆಮೇಲೆ ಆರ್ಡರ್ ಕೊಡ್ಲಿಲ್ಲ.

ಈಗ ಅದೇ ಟ್ರಸ್ಟಿನೋರು ಮತ್ತೆ ಕೇಳ್ತಿದಾರೆ. ಕೆಟ್ಟ ಕೆಲಸಕ್ಕಲ್ಲ, ನಿಜವಾಗ್ಲೂ ಬಡ ಮಕ್ಕಳ ಓದಿಗೆ. ಇಲ್ಲ ಅನ್ನೋಕೆ ಬಾಯಿ ಬರ್ತಿಲ್ಲ, ಹೂಂ ಅನ್ನೋಕೆ ಹೊಟ್ಟೆ ಉರೀತಿದೆ. ನೀವೆಲ್ಲ ಏನ್ ಮಾಡ್ತೀರಿ?

ಗೆರೆಗಾರ:
ದಾಕ್ಷಿಣ್ಯಕ್ಕೆ ಬಸುರಾದ್ರೆ ಹಡೆಯೋಕೆ ಜಾಗ ಇಲ್ಲ ಅಂತ ನಮ್ಮಜ್ಜಿ ಹೇಳ್ತಿದ್ರು ಅಕ್ಕ. ಇಲ್ಲ ಅಂದ್ಬಿಡಿ ಅಷ್ಟೇ. 'ಈ ವರ್ಷ ಆಗಲ್ಲ' ಅಂದ್ರೆ ಸಾಕು, ಕಾರಣ ಹೇಳೋಕೆ ಹೋಗ್ಬೇಡಿ, ಕಾರಣ ಹೇಳಿದ್ರೆ ಆ ಕಾರಣಕ್ಕೊಂದು ಪರಿಹಾರ ಹುಡುಕ್ಕೊಂಡು ಬರ್ತಾರೆ. ಟೈಮಿಲ್ಲ ಅಂದ್ರೆ 'ಹಳೇದು ಯಾವ್ದಾದ್ರೂ ಇದ್ರೆ ಕೊಡಿ' ಅಂತಾರೆ, ಹಳೇದಿಲ್ಲ ಅಂದ್ರೆ 'ಚಿಕ್ಕದೊಂದು ಬರ್ದುಕೊಡಿ' ಅಂತಾರೆ.

ಹಳೇಬೇರು:
ಬೇಜಾರು ಮಾಡ್ಕೋಬೇಡಿ, ಆದ್ರೆ ಕಲೆ ಅನ್ನೋದು ದೇವರು ಕೊಟ್ಟಿದ್ದು, ಅದ್ರಲ್ಲಿ ಇಷ್ಟೊಂದು ಲೆಕ್ಕಾಚಾರ ಯಾಕೆ ಅಂತ. ಎಂ.ಎಸ್. ಸುಬ್ಬುಲಕ್ಷ್ಮಿಯವರು ಜೀವಮಾನ ಪೂರ್ತಿ ಸಹಾಯಾರ್ಥ ಕಛೇರಿ ಹಾಡಿ ಹಾಡಿ ಆಸ್ಪತ್ರೆ ಶಾಲೆ ದೇವಸ್ಥಾನ ಅಂತ ಕೊಟ್ಟರು, 1974ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿದ್ದೇ ಸಾರ್ವಜನಿಕ ಸೇವೆ ಅಂತ. ಅವರು ಯಾವತ್ತಾದ್ರೂ ನನ್ನ ರೇಟು ಬಿದ್ದೋಯ್ತು ಅಂದ್ರಾ? ಕೊಟ್ಟಿದ್ದನ್ನ ಎಣಿಸಬಾರದು ಅಂತಾರೆ ದೊಡ್ಡೋರು.

ಧಾರವಾಡ_ತಬಲಾ:
ಹಳೇಬೇರು ಸರ್, ನಿಮ್ಮ ಮಾತಿಗೆ ಅಡ್ಡ ಬರ್ತೇನ್ರಿ, ಸಿಟ್ಟಾಗಬ್ಯಾಡ್ರಿ. ಎಂ.ಎಸ್. ಅಮ್ಮಾವ್ರು ಹಾಡಿದ್ರ ಟಿಕೆಟ್ ತಗೊಂಡು ಊರಿಗೂರೇ ಬರ್ತಿತ್ತು, ಆ ರೊಕ್ಕ ಪೂರಾ ಆ ಕೆಲಸಕ್ಕ ಹೋಗ್ತಿತ್ತು, ಯಾವ ಕೆಲಸಕ್ಕ ಕೊಡಬೇಕು ಅನ್ನೂದನ್ನ ಅವ್ರೂ ಅವ್ರ ಯಜಮಾನ್ರೂ ಕೂತು ನಿರ್ಧಾರ ಮಾಡ್ತಿದ್ರು. ಯಾರೋ ಫೋನ್ ಮಾಡಿ ಮುಜುಗರಕ್ಕ ಹಾಕಿ ಹಾಡಿಸಿದ್ದಲ್ರಿ ಅದು. ರೇಕು ಅಕ್ಕಾರ ಚಿತ್ರಕ್ಕ 1,000 ಅಂತ ಕೂಗಿದ್ರಲ್ಲ, ಅದಕ್ಕೂ ಇದಕ್ಕೂ ಎಲ್ಲಿ ಜೋಡ್ರಿ?

ಮತ್ತ ಇನ್ನೊಂದು ಮಾತು ಯಾರೂ ಹೇಳಂಗಿಲ್ಲ, ನಾನ ಹೇಳಿಬಿಡ್ತೇನಿ. ನಾ ಸಾಥ್ ಮಾಡಾಂವ. ಚಾರಿಟಿ ಪ್ರೋಗ್ರಾಂ ಅಂತ ದೊಡ್ಡ ಗಾಯಕರು ಒಪ್ಪಿಕೋತಾರ, 'ನಾ ಏನೂ ತಗೊಳ್ಳಂಗಿಲ್ಲ' ಅಂತ ವೇದಿಕೆ ಮ್ಯಾಲ ಘೋಷಣಾ ಆಗ್ತದ, ಚಪ್ಪಾಳೆ ಬೀಳ್ತಾವ. ಹಿಂದ ಕುಂತ ತಬಲಾದಾಂವ ಮತ್ತ ಹಾರ್ಮೋನಿಯಂದಾಂವ ಒಬ್ಬರ ಮಾರಿ ಒಬ್ಬರು ನೋಡ್ತೀವಿ, ಯಾಕಂದ್ರ ನಮ್ಮನ್ನ ಯಾರೂ ಕೇಳೇ ಇಲ್ಲ, ನಮ್ಮದೂ ಅದರಾಗ ಹೋತು. ಅತ್ತಿ ಸೊತ್ತು ಅಳಿಯ ದಾನ ಮಾಡಿದ ಅಂದಂಗ. ಒಂದ್ಸಲ ಬೆಳಗಾವಿಗೆ ಹಿಂಗ ಹೋಗಿ ರಾತ್ರಿ ಬಸ್ಸಿನ್ಯಾಗ ಡಗ್ಗಾ ತೊಡಿ ಮ್ಯಾಲ ಇಟ್ಕೊಂಡು ವಾಪಸ್ ಬಂದೇನಿ, ಬಸ್ ಚಾರ್ಜೂ ಕೈಯಿಂದ. ಮುಂದ ಎರಡ ದಿನಕ್ಕ ದಾಯಾಂದ, ಅಂದ್ರ ಬಲಗೈ ತಬಲಾದ, ಪುಡಿ (ಮ್ಯಾಲಿನ ಚರ್ಮ) ಹರೀತು, ಅದಕ್ಕ ಮತ್ತ ಖರ್ಚು. ಅವತ್ತಿಂದ ನಾ ಮೊದಲ ಕೇಳ್ತೇನ್ರಿ, 'ಗುರುಗಳ ಬಿದಾಯಿ ಬ್ಯಾರೆ, ನಂದು ಬ್ಯಾರೆ, ನಂದೆಷ್ಟು?' ಅಂತ. ಬಿದಾಯಿ ಅಂದ್ರ ಸಂಭಾವನೆ. ಮೊದಮೊದಲ ಉದ್ಧಟ ಅಂದ್ರು. ಈಗ ಕೊಡ್ತಾರ.

ಚಂಡೆ_ಪೆಟ್ಟು:
ತಬಲಾದವರು ಹೇಳಿದ್ದು ಸರಿ ಉಂಟು. ನಮ್ಮಲ್ಲಿ ಯಕ್ಷಗಾನದಲ್ಲಿ ಇದು ತುಂಬಾ ಹಳೆ ಕಥೆ ಮಾರಾಯ್ರೆ. ಸಹಾಯಾರ್ಥ ಆಟ ಅಂತ ಬೋರ್ಡ್ ಇಲ್ಲದ ಊರು ಕರಾವಳಿಯಲ್ಲಿ ಇಲ್ಲ. ನಾನು ಇದನ್ನು ಎರಡು ಮಾಡಿ ಇಟ್ಟಿದ್ದೇನೆ. ಒಂದು, ನಮ್ಮವರೇ ಯಾರಾದ್ರೂ ಬಿದ್ದಿದ್ದಾರೆ ಅಂತಾದ್ರೆ, ವೇಷ ಮಾಡ್ತಾ ಮಾಡ್ತಾ ಮೊಣಕಾಲು ಹೋದವರು, ಹಾರ್ಟಿನ ಆಪರೇಷನ್ ಆದವರು, ಅವರಿಗಾಗಿ ಆಟ ಅಂದ್ರೆ ಸಂಭಾವನೆ ಪ್ರಶ್ನೆಯೇ ಇಲ್ಲ, ಪೆಟ್ರೋಲೂ ಕೇಳುವುದಿಲ್ಲ, ಚಂಡೆ ಹೆಗಲಿಗೆ ಹಾಕಿ ಹೊರಡುವುದು. ಯಾಕೆಂದ್ರೆ ನಾಳೆ ಆ ಜಾಗದಲ್ಲಿ ನಾನೇ ಇರಬಹುದು. ಪತ್ತನಾಜೆಗೆ, ಅಂದ್ರೆ ಮೇ ಕೊನೆಯ ಹೊತ್ತಿಗೆ, ಮೇಳದ ತಿರುಗಾಟ ನಿಂತ ಮೇಲೆ ಮಳೆಗಾಲ ಪೂರ್ತಿ ನಮಗೆ ಸಂಬಳ ಇಲ್ಲ, ಬೆಂಗಳೂರು ಮುಂಬೈ ಕಡೆ ಒಂದಿಷ್ಟು ಆಟ, ವೇಷ ಇಲ್ಲದ ತಾಳಮದ್ದಳೆ, ಅಷ್ಟೇ. ನಮಗೆ ನಾವೇ ಇನ್ಶೂರೆನ್ಸ್.

ಎರಡನೆಯದ್ದು ಹೊರಗಿನವರ ಸಹಾಯಾರ್ಥ. ಅದಕ್ಕೆ ನಾನು ಅರ್ಧ ತಗೊಳ್ತೇನೆ, ಪೂರ್ತಿ ಬಿಡುವುದಿಲ್ಲ, ಮತ್ತೆ ಒಂದು ಪ್ರಶ್ನೆ ತಪ್ಪದೆ ಕೇಳ್ತೇನೆ: ಶಾಮಿಯಾನದವನಿಗೆ ಎಷ್ಟು ಕೊಡ್ತೀರಿ? ಮೈಕಿನವನಿಗೆ ಎಷ್ಟು? ವೇಷಭೂಷಣದವರಿಗೆ? ಅವರೆಲ್ಲ ಪೂರ್ತಿ ಬಿಟ್ಟಿದ್ದಾರೆ ಅಂತಾದ್ರೆ ನಾನೂ ಪೂರ್ತಿ ಬಿಡ್ತೇನೆ, ನಾನೇನು ಅವರಿಗಿಂತ ಸಣ್ಣವನಲ್ಲ. ಹತ್ತು ವರ್ಷದಲ್ಲಿ ಒಂದೇ ಸಲ ಹಾಗೆ ಆದದ್ದು, 2018ರಲ್ಲಿ ಕೊಡಗಿನ ನೆರೆ ಬಂದಾಗ, ಶಾಮಿಯಾನದವನೂ ಬಿಲ್ ಹಾಕಲಿಲ್ಲ, ಟೀ ಕೊಟ್ಟ ಹೋಟೆಲಿನವನೂ ಹಾಕಲಿಲ್ಲ. ಆ ದಿನ ನುಡಿಸಿದ ಹಾಗೆ ಮತ್ತೆ ನುಡಿಸಲಿಲ್ಲ ನಾನು.

ರೇಕು_ಮೈಸೂರು:
'ಶಾಮಿಯಾನದವನಿಗೆ ಎಷ್ಟು' ಇದನ್ನ ಬರೆದಿಟ್ಕೊಂಡೆ ಅಣ್ಣ. ನಂಗೆ ಹೊಟ್ಟೆ ಉರಿದಿದ್ದೇ ಅದಕ್ಕೆ ಅಂತ ಈಗ ಗೊತ್ತಾಯ್ತು. ಬಫೆಲಿ ಎರಡು ಥರ ಸ್ವೀಟ್ ಇತ್ತು, ಒಂದು ಪ್ಲೇಟಿಗೆ ಐನೂರಕ್ಕೆ ಕಮ್ಮಿ ಇರಲ್ಲ, ನೂರೈವತ್ತು ಜನ. ಲೆಕ್ಕ ಹಾಕ್ಕೊಳ್ಳಿ.

ಭಾನುವಾರದ_ಕುಂಚ:
ನಾನು ಹೊಟ್ಟೆಪಾಡಿಗೆ ಆಡಿಟರ್, ಭಾನುವಾರ ಮಾತ್ರ ಜಲವರ್ಣ. ಎಲ್ರೂ ಒಂದು ಸುಳ್ಳು ನಂಬ್ಕೊಂಡಿದಾರೆ, ಅದನ್ನ ಮೊದ್ಲು ಒಡೀತೀನಿ. 'ಮೇಡಂ ನಮಗೆ 80ಜಿ ಇದೆ, ನಿಮಗೆ ಟ್ಯಾಕ್ಸ್ ಉಳಿಯುತ್ತೆ' ಅಂತ ಹೇಳಿ ಪೇಂಟಿಂಗ್ ಕೇಳ್ತಾರಲ್ಲ, ಉಳಿಯಲ್ಲ. 80ಜಿ, ಅಂದ್ರೆ ದಾನಕ್ಕೆ ಸಿಗೋ ಆದಾಯ ತೆರಿಗೆ ವಿನಾಯ್ತಿ, ಇರೋದು ದುಡ್ಡು ಕೊಟ್ರೆ ಮಾತ್ರ, ವಸ್ತು ಕೊಟ್ರೆ ಒಂದು ರೂಪಾಯಿನೂ ಇಲ್ಲ, ಅದು ಪೇಂಟಿಂಗ್ ಆಗ್ಲಿ ಕಂಬಳಿ ಆಗ್ಲಿ ಅಕ್ಕಿಮೂಟೆ ಆಗ್ಲಿ. ದುಡ್ಡಲ್ಲೂ ನಗದು 2,000 ಮೀರಿದ್ರೆ ಇಲ್ಲ, ಚೆಕ್ಕೋ ಯುಪಿಐನೋ ಆಗ್ಬೇಕು, ಮತ್ತೆ ಟ್ರಸ್ಟಿನೋರು ದಾನದ ಸರ್ಟಿಫಿಕೇಟ್ ಕೊಡ್ಬೇಕು. ಹೊಸ ತೆರಿಗೆ ಪದ್ಧತಿಗೆ ಹೋಗಿದ್ರೆ ಇದ್ಯಾವ್ದೂ ಇಲ್ಲ. ಹೊಸ ಕಾಯ್ದೇಲಿ ಸೆಕ್ಷನ್ ನಂಬರ್ ಬೇರೆ, ಆದ್ರೆ ಬಾಯಲ್ಲಿ ಇನ್ನೂ 80ಜಿನೇ ಓಡ್ತಿರೋದು.

ಅದಕ್ಕೆ ನಾನು ಪರಿಚಯದ ಕಲಾವಿದರಿಗೆ ಹೇಳೋದು, ಕೊಡೋ ಮನಸ್ಸಿದ್ರೆ ವಸ್ತು ಕೊಡ್ಬೇಡಿ. ಪೇಂಟಿಂಗ್ ನಿಮ್ಮದೇ ಬೆಲೆಗೆ ಮಾರಿ, ದುಡ್ಡು ನಿಮ್ಮ ಅಕೌಂಟಿಗೆ ಬರ್ಲಿ, ಆಮೇಲೆ ಅದ್ರಲ್ಲಿ ಎಷ್ಟು ಬೇಕೋ ಅಷ್ಟು ಚೆಕ್ ಬರೆದುಕೊಡಿ. ಬಂದಿದ್ದು ಆದಾಯ ಅಂತ ತೋರಿಸ್ಬೇಕು, ಹೌದು, ಆದ್ರೆ ಹಳೇ ಪದ್ಧತಿಲಿ ಇದ್ರೆ ಕೊಟ್ಟಿದ್ರಲ್ಲಿ ಸಾಮಾನ್ಯವಾಗಿ ಅರ್ಧಕ್ಕೆ ವಿನಾಯ್ತಿ, ಅದಕ್ಕೂ ನಿಮ್ಮ ಆದಾಯದ ಮೇಲೆ ಒಂದು ಮಿತಿ ಇದೆ. ಇದ್ರಲ್ಲಿ ದೊಡ್ಡ ಲಾಭ ಟ್ಯಾಕ್ಸಲ್ಲ ಅನ್ನಿ. ನಿಮ್ಮ ರೇಟು ಬೀಳಲ್ಲ. 18ಕ್ಕೇ ಮಾರಿದ್ದು ಅಂತ ಇರುತ್ತೆ.

ಇನ್ನೊಂದು ಸಣ್ಣ ವಿಷ್ಯ, ಹರಾಜಲ್ಲಿ ಕೊಂಡೋರಿಗೆ ಪೂರ್ತಿ ದುಡ್ಡಿಗೆ 80ಜಿ ರಸೀದಿ ಕೊಡ್ತೀವಿ ಅಂತ ಕೆಲವ್ರು ಪ್ರಚಾರ ಮಾಡ್ತಾರೆ. ಬದಲಿಗೆ ಚಿತ್ರ ತಗೊಂಡು ಹೋಗ್ತಿದಾರಲ್ಲ, ಅದು ಖರೀದಿ, ದಾನ ಹೇಗಾಯ್ತು? ಅಂಥೋರ ಸಹವಾಸನೇ ಬೇಡ.

ಮಣ್ಣುಮಡಕೆ_ಜೆರ್ಸಿ:
ಇಲ್ಲಿ ಅಮೆರಿಕದಲ್ಲೂ ಇದೇ ಗೋಳು, ನಂಬ್ತೀರಾ? ನಾನು ಪಾಟರಿ ಮಾಡ್ತೀನಿ, ಕನ್ನಡ ಸಂಘದ ರಾಜ್ಯೋತ್ಸವ, ಮಕ್ಕಳ ಶಾಲೆ, ಚರ್ಚಿನ ಊಟದ ಪ್ರೋಗ್ರಾಂ, ಎಲ್ರಿಗೂ ಒಂದೊಂದು ಬೌಲ್ ಬೇಕು. ಇಲ್ಲಿ ಕಾನೂನು ಹೇಗಿದೆ ಅಂದ್ರೆ, ನಾನು ಮಾಡಿದ ಮಡಕೆ ನಾನೇ ದಾನ ಕೊಟ್ರೆ ಟ್ಯಾಕ್ಸಲ್ಲಿ ಕಳೆಯೋಕಾಗೋದು ಮಣ್ಣು, ಗ್ಲೇಝಿನ ಖರ್ಚು ಅಷ್ಟೇ, ನನ್ನ ಕೆಲಸಕ್ಕೆ ಸೊನ್ನೆ. 1969ರವರೆಗೆ ಮಾರುಕಟ್ಟೆ ಬೆಲೆ ಕಳೀಬಹುದಿತ್ತಂತೆ, ಆ ವರ್ಷದ ತೆರಿಗೆ ಕಾನೂನು ಬಂದು ತೆಗೆದುಬಿಡ್ತು, ಆಮೇಲೆ ಕಲಾವಿದರು ಮ್ಯೂಸಿಯಂಗಳಿಗೆ ಕೊಡೋದೇ ಕಮ್ಮಿ ಆಯ್ತು. ತಮಾಷೆ ಏನಂದ್ರೆ ನನ್ನ ಹತ್ರ ಕೊಂಡೋರು ಅದನ್ನ ವರ್ಷಗಟ್ಲೆ ಇಟ್ಕೊಂಡು ಮ್ಯೂಸಿಯಂಗೆ ಕೊಟ್ರೆ ಅವರಿಗೆ ಅವತ್ತಿನ ಮಾರುಕಟ್ಟೆ ಬೆಲೆ ಸಿಗುತ್ತೆ. ತಿದ್ದುಪಡಿ ಮಾಡಿ ಅಂತ ಇಲ್ಲಿನ ಸಂಸತ್ತಲ್ಲಿ ಎಷ್ಟೋ ಸಲ ಮಸೂದೆ ತಂದ್ರು, ಪಾಸಾಗಿಲ್ಲ.

ನಾನು ಮಾಡೋದು ಏನಂದ್ರೆ ವರ್ಷಕ್ಕೆ ಎರಡು ಅಂತ ಇಟ್ಕೊಂಡಿದೀನಿ, ಜನವರೀಲೇ ಯಾವ ಎರಡು ಅಂತ ನಾನೇ ಆರಿಸ್ತೀನಿ, ಒಂದು ಇಲ್ಲಿನ ನಿರಾಶ್ರಿತರ ಊಟದ ಮನೆ, ಒಂದು ನಮ್ಮೂರ ಸರ್ಕಾರಿ ಶಾಲೆ. ಬೇರೆ ಯಾರು ಕೇಳಿದ್ರೂ 'ಈ ವರ್ಷದ್ದು ಮುಗೀತು' ಅಂದ್ರೆ ನಿಜವಾಗ್ಲೂ ಮುಗಿದಿರುತ್ತೆ, ಸುಳ್ಳು ಹೇಳಿದ ಪಾಪ ಇಲ್ಲ.

ಟ್ರಸ್ಟ್_ಕಡೆಯವಳು:
ಬಯ್ಯಿಸ್ಕೊಳ್ಳೋಕೆ ರೆಡಿ ಆಗೇ ಬರೀತಿದೀನಿ. ನಾನು ಕೇಳೋರ ಕಡೆಯವಳು, ಹತ್ತು ವರ್ಷದಿಂದ ಒಂದು ಸಣ್ಣ ಸಂಸ್ಥೆಗೆ ದುಡ್ಡು ಎತ್ತೋ ಕೆಲಸ. ಸತ್ಯ ಹೇಳ್ಲಾ? ನಾವು ಕಲಾವಿದರನ್ನ ಕೇಳೋದು ಯಾಕಂದ್ರೆ ಅವರು ಇಲ್ಲ ಅನ್ನಲ್ಲ. ಸಿಮೆಂಟ್ ಡೀಲರ್ ಹತ್ರ ಹೋಗಿ 18 ಸಾವಿರ ಕೇಳೋಕೆ ನಮ್ಮ ಅಧ್ಯಕ್ಷರಿಗೆ ಸಂಕೋಚ, ಅವರು ನೆಂಟರು. 18 ಸಾವಿರದ ಪೇಂಟಿಂಗ್ ಕೇಳೋಕೆ ಸಂಕೋಚ ಇಲ್ಲ, ಯಾಕಂದ್ರೆ ಅದು ಅವರ ಕಣ್ಣಿಗೆ ದುಡ್ಡು ಥರ ಕಾಣಲ್ಲ. ಕೆಟ್ಟೋರಲ್ಲ ಅವರು, ನಿಜವಾಗ್ಲೂ ತಲೆಗೆ ಹೋಗಿರಲ್ಲ.

ನಾವು ಮೂರು ವರ್ಷದ ಹಿಂದೆ ಬದಲಾಯಿಸಿದ್ವಿ. ಕನಿಷ್ಠ ಬೆಲೆ ಕಲಾವಿದರೇ ಬರೆದುಕೊಡ್ತಾರೆ, ಅದಕ್ಕಿಂತ ಕೆಳಗೆ ಕೂಗೋ ಹಾಗಿಲ್ಲ, ಹೋಗ್ಲಿಲ್ಲ ಅಂದ್ರೆ ಚಿತ್ರ ವಾಪಸ್, ತಲುಪಿಸೋ ಖರ್ಚು ನಮ್ದು. ಬಂದಿದ್ರಲ್ಲಿ ಅರ್ಧ ಅವರಿಗೆ. ಮೊದಲ ವರ್ಷ ಕಮಿಟೀಲಿ ದೊಡ್ಡ ಜಗಳ, 'ಅರ್ಧ ಕೊಟ್ಬಿಟ್ರೆ ನಮಗೇನು ಉಳೀತು' ಅಂತ. ಆದ್ರೆ ಏನಾಯ್ತು ಗೊತ್ತಾ, ಮುಂಚೆ ಕಲಾವಿದರು ಮನೇಲಿ ಮೂಲೆಗೆ ಬಿದ್ದಿದ್ದು ತಂದು ಕೊಡ್ತಿದ್ರು, ತಪ್ಪು ಅವರದ್ದಲ್ಲ, ನಾನಾಗಿದ್ರೂ ಅದೇ ಮಾಡ್ತಿದ್ದೆ. ಅರ್ಧ ಸಿಗುತ್ತೆ ಅಂದ್ಮೇಲೆ ಒಳ್ಳೇ ಕೆಲಸ ಬಂತು, ತಾವೇ ಗಿರಾಕಿಗಳನ್ನೂ ಕರ್ಕೊಂಡು ಬಂದ್ರು. ಮುಂಚಿನ ಪೂರ್ತಿಗಿಂತ ಈಗಿನ ಅರ್ಧನೇ ಜಾಸ್ತಿ ಬಂತು ನಮಗೆ.

ಹಾಂ, ನಿರೂಪಕರಿಗೆ ಒಂದೊಂದು ಚಿತ್ರದ ಬಗ್ಗೆ ನಾಲ್ಕು ಸಾಲು ಬರೆದುಕೊಡ್ತೀವಿ. ತಂಜಾವೂರ್ ಅಂದಿದ್ದು ಓದಿ ನಂಗೇ ನಾಚಿಕೆ ಆಯ್ತು. ಮೈಸೂರು ಚಿತ್ರಕಲೆಗೆ ಜಿಐ ಟ್ಯಾಗ್ (ಇದು ಈ ಊರಿನದ್ದೇ ಅನ್ನೋ ಸರ್ಕಾರಿ ಗುರುತು) ಸಿಕ್ಕಿ ಇಷ್ಟು ವರ್ಷ ಆಯ್ತು!

ಹಳೇಬೇರು:
ಇದು ಒಪ್ಪೋ ಮಾತು. ಆದ್ರೂ ಅರ್ಧ ತಗೊಂಡ್ರೆ ಅದನ್ನ ದಾನ ಅನ್ನಬಹುದಾ ಅಂತ ನನ್ನ ಮನಸ್ಸಿಗೆ ಇನ್ನೂ ಕೊರೀತಿದೆ. ವ್ಯಾಪಾರ ಅಂತ ಕರೀರಿ, ಬೇಜಾರಿಲ್ಲ.

ಅರಗುಬಣ್ಣ:
ಹಳೇಬೇರಣ್ಣ, ನಾನು ಚನ್ನಪಟ್ಟಣದೋನು, ಗೊಂಬೆ ಕೆಲಸ. ನೀವು ದಾನ ಅಂತೀರೋ ವ್ಯಾಪಾರ ಅಂತೀರೋ ನಂಗೊತ್ತಿಲ್ಲ ಕಣಣ್ಣ, ಆಲೆಮರ ತರೋನಿಗೆ ಕಾಸು ಕೊಡ್ಬೇಕು, ಅರಗಿಗೆ ಕಾಸು, ಕರೆಂಟಿಗೆ ಕಾಸು. ಅನಾಥಾಶ್ರಮದ ಮಕ್ಕಳಿಗೆ ಇನ್ನೂರು ಬುಗುರಿ ಮಾಡ್ಕೊಡಿ ಅಂದ್ರು ಒಂದ್ಸಲ. ಲೇತ್ ಮೇಲೆ ಇನ್ನೂರು ಬುಗುರಿ ಅಂದ್ರೆ ನಾನೂ ನನ್ನ ತಮ್ಮನೂ ಎರಡು ದಿನ ಬೇರೆ ಕೆಲಸ ಮುಟ್ಟಂಗಿಲ್ಲ, ಸುತ್ತೋ ಕಟ್ಟಿಗೆಗೆ ಅರಗಿನ ಕಡ್ಡಿ ಒತ್ತಿ ಬಿಸಿಗೆ ಬಣ್ಣ ಕರಗಿಸಿ ಹಿಡಿಸಿ, ತಾಳೆಗರಿ ಹಿಡ್ಕಂಡು ಹೊಳಪು ಬರಿಸಿ, ಎಲ್ಲಾ ಮಾಡಿ ಕೊಟ್ವಿ. ಸಂತೋಷವಾಗೇ ಕೊಟ್ವಿ, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ನೋಡಿದ್ರೆ ಒಂದು ಕಂಪ್ನಿಯೋರ ಸ್ಟಿಕರ್ ಅಂಟಿಸಿ 'ನಮ್ಮ ಕೊಡುಗೆ' ಅಂತ ಫೋಟೋ ಹಾಕ್ಕೊಂಡವ್ರೆ. ಕಂಪ್ನಿಯೋರು ಕೊಟ್ಟಿದ್ದು ಸ್ಟಿಕರ್ ಒಂದೇ.

ಈಗ ನಾನು ವಸ್ತು ಕೊಡಲ್ಲ. ಮಕ್ಕಳನ್ನ ಕರ್ಕಂಡ್ ಬನ್ನಿ ಒಂದು ದಿನ, ಲೇತ್ ತೋರಿಸ್ತೀನಿ, ಆಗೋರ ಕೈಲಿ ಒಂದೊಂದು ಬುಗುರಿಗೆ ಬಣ್ಣ ಹಿಡಿಸ್ತೀನಿ, ಅದನ್ನ ಅವರೇ ತಗೊಂಡೋಗ್ಲಿ ಅಂತೀನಿ. ಎರಡು ಸಲ ಬಂದ್ರು. ಒಬ್ಬ ಹುಡುಗ ನಾಲ್ಕು ಗಂಟೆ ಲೇತ್ ಬಿಟ್ಟು ಕದಲ್ಲಿಲ್ಲ, ಊಟಕ್ಕೂ ಬರ್ಲಿಲ್ಲ. ಅದಕ್ಕೆ ಸ್ಟಿಕರ್ ಅಂಟಿಸೋಕಾಗಲ್ವಲ್ಲ.

ಗೆರೆಗಾರ:
ಸ್ಟಿಕರ್ ಕಥೆ ಕೇಳಿ ನಂದೂ ನೆನಪಾಯ್ತು. ನಾನು ಇಲಸ್ಟ್ರೇಟರ್, ನಮ್ಮದು ಇನ್ನೂ ಕಷ್ಟ, 'ಒರಿಜಿನಲ್ ನಿಮ್ಮ ಹತ್ರಾನೇ ಇರುತ್ತಲ್ಲ, ಒಂದು ಫೈಲ್ ಕಳಿಸೋಕೆ ಏನ್ ಕಷ್ಟ' ಅಂತಾರೆ. ಕೋವಿಡ್ ಟೈಮಲ್ಲಿ ಒಂದು ಪೋಸ್ಟರ್ ಮಾಡ್ಕೊಟ್ಟೆ ಪುಕ್ಕಟೆ. ಮುಂದಿನ ವರ್ಷ ಅದೇ ಚಿತ್ರ ಟೀ ಶರ್ಟ್ ಮೇಲೆ, ಮಗ್ ಮೇಲೆ, ಕ್ಯಾಲೆಂಡರ್ ಮೇಲೆ, ನನ್ನ ಸಹಿ ಕ್ರಾಪ್ ಮಾಡಿದಾರೆ. ಕೇಳಿದ್ರೆ 'ನೀವು ನಮಗೆ ಕೊಟ್ಟಿದ್ರಲ್ಲ ಸರ್'.

ಚಿತ್ರ ಕೊಟ್ರೆ ಕಾಪಿರೈಟ್ ಕೊಟ್ಟ ಹಾಗಲ್ಲ. ಕಾಪಿರೈಟ್ ಕಾಯ್ದೆ 1957, ಸೆಕ್ಷನ್ 19, ಹಕ್ಕು ವರ್ಗಾವಣೆ ಆಗ್ಬೇಕಂದ್ರೆ ಬರವಣಿಗೇಲಿ ಇರ್ಬೇಕು, ಸಹಿ ಇರ್ಬೇಕು. ಬರೆದುಕೊಟ್ರೂ ಎಷ್ಟು ವರ್ಷ ಅಂತ ಹಾಕದೇ ಇದ್ರೆ ಐದೇ ವರ್ಷ ಅಂತ ಲೆಕ್ಕ. ಅದಕ್ಕೆ ಈಗ ಫೈಲ್ ಜೊತೆ ಒಂದೇ ಒಂದು ಸಾಲು ಮೇಲ್‌ನಲ್ಲಿ ಹಾಕ್ತೀನಿ: 'ಈ ಕಾರ್ಯಕ್ರಮದ ಪೋಸ್ಟರ್‌ಗೆ ಮಾತ್ರ, ಇಂಥ ತಾರೀಖಿನವರೆಗೆ, ಬೇರೆ ಬಳಕೆಗೆ ಕೇಳಿ.' ಜೊತೆಗೆ ಬಿಲ್ಲೂ ಕಳಿಸ್ತೀನಿ. ಹೌದು, ಪುಕ್ಕಟೆ ಕೆಲಸಕ್ಕೂ ಬಿಲ್. 22,000, ಕೆಳಗೆ ರಿಯಾಯ್ತಿ 22,000, ಒಟ್ಟು ಸೊನ್ನೆ. ಎಷ್ಟು ಬೆಲೆದು ಕೊಟ್ಟೆ ಅಂತ ಅವರ ಫೈಲಲ್ಲಿ ಇರುತ್ತೆ. ಒಂದ್ಸಲ ಆ ಬಿಲ್ ನೋಡಿ ಅವರ ಖಜಾಂಚಿ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ್ರು, ಅದಕ್ಕೆ ಮುಂಚೆ ಮೂರು ವರ್ಷದಿಂದ ಮಾಡ್ಕೊಡ್ತಿದ್ದೆ, ಯಾರೂ ಫೋನ್ ಮಾಡಿರ್ಲಿಲ್ಲ.

ಗೋಡೆಚಿತ್ರ:
ಸಹಿ ಕ್ರಾಪ್ ಮಾಡಿದ್ದಕ್ಕೇ ಇಷ್ಟು ಬೇಜಾರಾದ್ರೆ ನಂದು ಕೇಳಿ. ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಒಂದು ಗೋಡೆ ಪೂರ್ತಿ ಕಾಡು ಬರೆದುಕೊಟ್ಟೆ, ಬಣ್ಣನೂ ನಂದೇ, ಒಂಬತ್ತು ದಿನ, ರಾತ್ರಿ ಹೊತ್ತು ಮಕ್ಕಳು ಮಲಗಿದ್ಮೇಲೆ ಸದ್ದಿಲ್ದೆ ಏಣಿ ಸರಿಸ್ಕೊಂಡು. ಒಂದು ಆನೆ ಇತ್ತು, ಮರಿ ಜೊತೆ. ಡ್ರಿಪ್ ಸ್ಟ್ಯಾಂಡ್ ಹಿಡ್ಕೊಂಡು ಒಂದು ಹುಡುಗಿ ದಿನಾ ಬಂದು 'ಇವತ್ತು ಆನೆಗೆ ಕಣ್ಣು ಬರುತ್ತಾ' ಅಂತ ಕೇಳ್ತಿದ್ಲು, ಕಣ್ಣು ಕೊನೇಗೆ ಇಡೋದು ಅಂತ ಹೇಳಿದ್ದೆ ಅವಳಿಗೆ. ಕೊನೇ ದಿನ ಅವಳನ್ನ ಕರ್ದು ಅವಳ ಎದುರಿಗೇ ಇಟ್ಟೆ.

ಎರಡು ವರ್ಷ ಬಿಟ್ಟು ಪರಿಚಯದೋರ ಮಗುನ ನೋಡೋಕೆ ಹೋದ್ರೆ ಗೋಡೆ ಮೇಲೆ ಟೀವಿ. ಟೀವಿ ಸ್ಟ್ಯಾಂಡಿನ ಬೋಲ್ಟು ಸರಿಯಾಗಿ ಆನೆ ಕಣ್ಣಿಗೇ. ಒಂದು ಫೋನ್ ಮಾಡಿದ್ರೆ ನಾನೇ ಬಂದು ಪಕ್ಕದ ಗೋಡೆ ತೋರಿಸ್ತಿದ್ದೆ.

ಗೆರೆಗಾರ:
ಅಯ್ಯೋ.

ಇದಕ್ಕೂ ಕಾನೂನಿದೆ ಆದ್ರೆ ಹೇಳಿ ಏನುಪಯೋಗ ಅನ್ಸುತ್ತೆ. ಅದೇ ಕಾಪಿರೈಟ್ ಕಾಯ್ದೆಯ ಸೆಕ್ಷನ್ 57, ಕೃತಿ ಯಾರ ಕೈಗೆ ಹೋದ್ರೂ ಅದನ್ನ ಹಾಳು ಮಾಡಿ ನಿಮ್ಮ ಹೆಸರಿಗೆ ಧಕ್ಕೆ ತಂದ್ರೆ ಕೇಳೋ ಹಕ್ಕು ಮಾಡಿದೋರಿಗೇ ಇರುತ್ತೆ. ದೆಹಲಿಯ ವಿಜ್ಞಾನ ಭವನದಲ್ಲಿ ಅಮರನಾಥ ಸೆಹಗಲ್ ಅನ್ನೋ ಶಿಲ್ಪಿ ಮಾಡಿದ್ದ ದೊಡ್ಡ ಕಂಚಿನ ಭಿತ್ತಿಶಿಲ್ಪ ಇತ್ತು, 1979ರಲ್ಲಿ ರಿಪೇರಿ ಅಂತ ಕಿತ್ತು ಗೋದಾಮಿಗೆ ಎಸೆದ್ರು, ಅವರಿಗೆ ಒಂದು ಮಾತೂ ಹೇಳ್ಲಿಲ್ಲ. ಕೋರ್ಟಿಗೆ ಹೋದ್ರು. 2005ರಲ್ಲಿ ದೆಹಲಿ ಹೈಕೋರ್ಟು ಅವರ ಪರ ತೀರ್ಪು ಕೊಟ್ಟು, ಉಳಿದ ಚೂರೆಲ್ಲ ಅವರಿಗೇ ವಾಪಸ್ ಕೊಡಿ, 5 ಲಕ್ಷ ಪರಿಹಾರ ಕೊಡಿ ಅಂತು. ಅಷ್ಟೊತ್ತಿಗೆ ಅವರಿಗೆ ಎಂಬತ್ತು ದಾಟಿತ್ತು. ಅದು ದುಡ್ಡು ಕೊಟ್ಟು ಮಾಡಿಸಿದ ಕೆಲಸ, ಆದ್ರೂ ಹೀಗೆ. ಪುಕ್ಕಟೆದಕ್ಕೆ ಯಾರು ಕೇಳ್ತಾರೆ.

ಗೋಡೆಚಿತ್ರ:
ಕೋರ್ಟಿಗೆಲ್ಲ ಯಾರು ಹೋಗ್ತಾರೆ ಬಿಡಿ ಅಣ್ಣ. ಈಗ ಗೋಡೆ ಕೇಳಿದ್ರೆ ಬಣ್ಣದ ದುಡ್ಡು ಅವರೇ ಕೊಡ್ಬೇಕು, ಏಣಿ ಹಿಡಿಯೋಕೆ ಅವರದೇ ಒಬ್ಬ ಮನುಷ್ಯ ಬೇಕು ಅಂತೀನಿ. ಕಡೇಪಕ್ಷ ಏಣಿ ಹಿಡಿದೋನು ಮೊಳೆ ಹೊಡೆಯೋವಾಗ ಒಂದು ಸಲ ಯೋಚ್ನೆ ಮಾಡ್ತಾನೆ.

ಧಾರವಾಡ_ತಬಲಾ:
ಏಣಿ ಹಿಡಿಸೂ ಉಪಾಯ ಭಾಳ ಛಲೋ ಅದರಿ.

ಹಳೇಬೇರು:
ಆನೆ ಕಣ್ಣು ಓದಿ ಸಂಕಟ ಆಯ್ತು. ನಾನು ಮೊದಲು ಬರೆದಿದ್ದು ಸ್ವಲ್ಪ ಖಾರವಾಯ್ತೇನೋ. ಮೂವತ್ತು ವರ್ಷ ನಮ್ಮ ಬಡಾವಣೆ ಗಣೇಶೋತ್ಸವದ ಕಮಿಟೀಲಿ ಇದ್ದೋನು ನಾನು, ಹಾಡೋಕೆ ಬಂದ ಹುಡುಗ್ರಿಗೆ ಎಷ್ಟು ಸಲ ಶಾಲು ಹೊದಿಸಿ ಕಳಿಸಿದೀನಿ ಅಂತ ನೆನೆಸ್ಕೊಂಡು ಕೂತಿದ್ದೆ. ಪೆಂಡಾಲಿನವರಿಗೆ ಅಡ್ವಾನ್ಸ್ ಕೊಡದೆ ಒಂದು ವರ್ಷನೂ ಕೆಲಸ ಆಗಿಲ್ಲ.

ಚಂಡೆ_ಪೆಟ್ಟು:
ಶಾಲು ಕೊಡುವುದಾದ್ರೆ ಹತ್ತಿಯದ್ದು ಕೊಡಿ ಹಳೇಬೇರು ಅವರೇ, ರೇಕು ಅಕ್ಕನ ಟ್ರಂಕಿನ ಕಥೆ ಕೇಳಿದ್ರಲ್ಲ.

ರೇಕು_ಮೈಸೂರು:
ಎರಡು ದಿನ ಈ ಕಡೆ ಬಂದಿರ್ಲಿಲ್ಲ, ಒಂದು ದಶಾವತಾರದ ಕೆಲಸ ಮುಗಿಸೋದಿತ್ತು. ಎಲ್ಲಾ ಓದಿದೆ. ಗೋಡೆಚಿತ್ರ, ನಿಮ್ಮ ಆನೆ ತಲೇಲೇ ಕೂತಿದೆ.

ನಿನ್ನೆ ಕೂತು ಟ್ರಸ್ಟಿನೋರಿಗೆ ವಾಟ್ಸಾಪ್ ಬರೆದೆ. ನಾಲ್ಕು ಸಲ ಅಳಿಸಿ ಬರೆದೆ, ಮೊದಲ್ನೇದ್ರಲ್ಲಿ ತಂಜಾವೂರ್ ವಿಷಯಾನೂ ಹಾಕಿದ್ದೆ, ಯಜಮಾನ್ರು ತೆಗೆಸಿದ್ರು. ಕಳಿಸಿದ್ದು ಇಷ್ಟು: 'ನಮಸ್ಕಾರ ಸರ್. ಈ ವರ್ಷ ಒಂದು ಸರಸ್ವತಿ ಕೊಡ್ತೀನಿ. ಕನಿಷ್ಠ ಬೆಲೆ 18,000, ಅದಕ್ಕಿಂತ ಕೆಳಗೆ ಕೂಗ್ಬಾರ್ದು, ಹೋಗದಿದ್ರೆ ವಾಪಸ್ ಕಳಿಸ್ಕೊಡಿ. ಹೋದ್ರೆ ಅರ್ಧ ನಿಮಗೆ, ಅರ್ಧ ನನಗೆ. ಮೈಸೂರು ಶೈಲಿ ಅಂತ ಹೇಳ್ಬೇಕು, ನನ್ನ ಹೆಸರು ಹೇಳ್ಬೇಕು. ಕ್ಯಾಲೆಂಡರ್‌ಗೆಲ್ಲ ಬಳಸೋ ಹಾಗಿಲ್ಲ. ಸನ್ಮಾನ ಬೇಡ.' ಕಳಿಸಿ ಫೋನ್ ಅಡುಗೆಮನೇಲಿಟ್ಟು ಬಂದ್ಬಿಟ್ಟೆ, ಕೈ ನಡುಗ್ತಿತ್ತು, ರೇಕು ಹಚ್ಚೋವಾಗ್ಲೂ ಹಾಗೆ ನಡುಗಲ್ಲ.

ಸಂಜೆ ಉತ್ತರ ಬಂತು. 'ಮೇಡಂ, ಕಮಿಟೀಲಿ ಮಾತಾಡಿದ್ವಿ, ನಿಮ್ಮ ಮಾತು ಒಪ್ಪಿಗೆ. ಫ್ರೇಮ್ ಮಾತ್ರ ನಿಮ್ಮದೇ ಅಲ್ವಾ?'

ಟ್ರಸ್ಟ್_ಕಡೆಯವಳು:
ಅಯ್ಯೋ ದೇವ್ರೇ. ಫ್ರೇಮ್ ಅವರ ಕಡೆಯಿಂದ ಅಂತ ಗಟ್ಟಿಯಾಗಿ ಹೇಳಿ. ನಾವು ಕೊಡ್ತೀವಿ.

ಚಂಡೆ_ಪೆಟ್ಟು:
ಶಾಮಿಯಾನದವನ ಹತ್ರ ಬಿದಿರಿನ ಗಳ ಉಂಟಲ್ಲ, ಅದರಲ್ಲೇ ಫ್ರೇಮ್ ಕಟ್ಟಲಿಕ್ಕೆ ಹೇಳಿ.

ರೇಕು_ಮೈಸೂರು:
ನೀವು ಹೇಳೋಕೆ ಮುಂಚೆನೇ 'ಫ್ರೇಮ್ ನಿಮ್ಮದು ಸರ್' ಅಂತ ಹೇಳಿ ನಮ್ಮ ಫ್ರೇಮ್ ಅಂಗಡಿ ಅಣ್ಣನ ನಂಬರ್ ಕಳಿಸ್ದೆ. ಈಗ ಹತ್ತು ನಿಮಿಷದ ಹಿಂದೆ ಅಣ್ಣನ ಫೋನ್. 'ಅಕ್ಕೋ, ಯಾರೋ ಟ್ರಸ್ಟಿನೋರಂತೆ, ಧರ್ಮಕ್ಕೆ ಒಂದು ಫ್ರೇಮ್ ಹಾಕ್ಕೊಡಿ, ಸ್ಟೇಜ್ ಮೇಲೆ ಶಾಲು ಹೊದಿಸ್ತೀವಿ ಅಂತವ್ರೆ, ಏನ್ ಹೇಳ್ಲಿ?'